ಕೋಳಿಯ ಮೇವಿಗೆ ರೇಷ್ಮೆಯ ಹುಳು

ವಳಸಂಗದ ಹಿತ್ತಿಲುಗಳಲ್ಲಿ ತಿಪ್ಪೆ ಕೆದರಿ ಹುಳು ಹೆಕ್ಕುವ ಕೋಳಿಯನ್ನು ನೋಡದ ವಿದ್ಯಾರ್ಥಿಗಳು ವಿರಳ. ಮಾಂಸಕ್ಕಾಗಿ ಕೂಡಿಹಾಕಿ ಸಾಕುವ ಬ್ರಾಯ್ಲರ್ ಕೋಳಿಗೆ ಆ ಭಾಗ್ಯವಿಲ್ಲ. ಆರು ವಾರಗಳಲ್ಲಿ ಎರಡು ಕಿಲೋ ಮೀರಬೇಕಾದ ಅದರ ಎಳೆತನದ ಮೇವಿನಲ್ಲಿ ಶೇಕಡಾ 22ರಷ್ಟು ಸಸಾರಜನಕವಿರಬೇಕು. ಅದನ್ನು ಮುಖ್ಯವಾಗಿ ಸೋಯಾ ಹಿಂಡಿಯಿಂದ ಒದಗಿಸುವರು. 2021ರಲ್ಲಿ ಈ ಹಿಂಡಿಯ ಬೆಲೆಯು ವಿಪರೀತ ಏರಲು, ಭಾರತ ಸರಕಾರವು 12 ಲಕ್ಷ ಟನ್ನುಗಳನ್ನು ಪರದೇಶದಿಂದ ತರಿಸಲು ಅಪ್ಪಣೆ ಕೊಡಬೇಕಾಯಿತು. ಕೋಳಿ ಸಾಕುವವನ ವೆಚ್ಚದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮೇವಿಗೇ ಹೋಗುವುದರಿಂದ ಇದು ಬಡ ಒಕ್ಕಲಿಗನ ಹೊಟ್ಟೆಯ ಪ್ರಶ್ನೆಯಾಗಿದೆ.

ರಾಮನಗರ, ಶಿಡ್ಲಘಟ್ಟಗಳಲ್ಲಿ ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆದ ಬಳಿಕ ಒಳಗಿನ ಸತ್ತ ಹುಳು ಉಳಿಯುವುದು. ಒಣಗಿಸಿದ ಆ ಹುಳುವಿನಲ್ಲಿ ಸುಮಾರು ಅರ್ಧದಷ್ಟು ಸಸಾರಜನಕವಿದೆ. ಸೋಯಾ ಹಿಂಡಿಗೆ ಅದೇನೂ ಕಡಿಮೆಯಲ್ಲ. ಆದರೆ ಕಾಲು ಭಾಗದಷ್ಟು ಎಣ್ಣೆಯೂ ಉಂಟು. ಎಣ್ಣೆ ತೆಗೆಯದೆ ಇಟ್ಟರೆ ಬೇಗನೆ ಕಮಟು ಹಿಡಿಯುವುದು; ಆ ವಾಸನೆಯು ಕೋಳಿಯ ಮಾಂಸಕ್ಕೂ ತಗಲಬಹುದು. ಆದುದರಿಂದ ಕೂಡಲೇ ಒಣಗಿಸಿ, ಎಣ್ಣೆ ತೆಗೆದು, ಪುಡಿಮಾಡಿ, ಸೋಯಾದ ಒಂದು ಪಾಲಿಗೆ ಬದಲಾಗಿ ಬೆರೆಸತಕ್ಕದ್ದು. ಪೂರ್ತಿ ಬದಲಿಸಹೋಗುವುದು ಜಾಣತನವಲ್ಲ.

ರೇಷ್ಮೆಯಿಲ್ಲದ ಊರುಗಳಿಗೆ ಕಪ್ಪು ಸೈನಿಕ ನೊಣದ ಮರಿಹುಳುವುಂಟು. ನೊಣವೆಂದೊಡನೆ ತಾಯಂದಿರು ಮೂಗು ಮುರಿಯುವರೆಂಬುದನ್ನು ಬಲ್ಲೆವು! ಆದರೆ ಇದು ಮನೆಯ ನೊಣದಂತೆ ನಮ್ಮ ಅನ್ನವನ್ನು ಮುತ್ತುವುದಿಲ್ಲ. ಕಾಯಿಪಲ್ಯದ ಕಸವನ್ನು ತಿಂದು ಇದರ ಮರಿಗಳು ಎರಡು ಮೂರು ವಾರಗಳಲ್ಲಿ ಕೊಬ್ಬುವವು. ಯುರೋಪಿನ ಒಕ್ಕೂಟವು 2021ರಲ್ಲಿ ಇಂತಹ ಕೀಟಗಳ ಪುಡಿಯನ್ನು ಕೋಳಿ ಹಂದಿಗಳಿಗೆ ತಿನ್ನಿಸಲು ಅನುಮತಿಸಿತು. ಹುಳು ತಿಂದುಳಿದ ಕಸವು ಹೊಲಕ್ಕೆ ಗೊಬ್ಬರವಾಗುವುದು.