ಝೆಂಗ್‌ಝೌ ನಗರದ ಕಡತಗಳನ್ನು ಓದುವ ಬಗೆ

ಪ್ರಶ್ನೆ: ಚೀನಾದವರು ‘ಸ್ಪಾಂಜ್ ಸಿಟಿ’ ಕಟ್ಟಿ ಪ್ರವಾಹವನ್ನು ಗೆದ್ದಿದ್ದಾರೆ ಎಂದು ಕೆಲವರು ಬರೆಯುತ್ತಾರೆ, ಅದೆಲ್ಲ ಬರೀ ಪ್ರಚಾರ ಎಂದು ಇನ್ನು ಕೆಲವರು. ನಾನು ನಗರ ಯೋಜನೆ ಓದುತ್ತಿರುವ ವಿದ್ಯಾರ್ಥಿನಿ. ಅಲ್ಲಿನ ಒಂದು ನಗರವನ್ನು ಅಧ್ಯಯನಕ್ಕೆ ಆರಿಸಿಕೊಳ್ಳುವ ಆಸೆಯಿದೆ. ಅಲ್ಲಿಯ ಸರಕಾರಿ ಅಂಕಿಅಂಶಗಳನ್ನು ನಂಬಬಹುದೆ?
– ಓದುಗರೊಬ್ಬರು, ಧಾರವಾಡ

ಉತ್ತರ: ನಂಬಬೇಕೋ ಬಿಡಬೇಕೋ ಎಂಬುದನ್ನು ಸದ್ಯಕ್ಕೆ ಬದಿಗಿಡಿ. ಕೈಗೆ ಬಂದ ಕಾಗದವನ್ನು ಯಾವ ಕಚೇರಿ ಬರೆಯಿತು, ಯಾರಿಗೆ ತೋರಿಸಲು ಬರೆಯಿತು, ಯಾವ ಘಟನೆಗೆ ಮೊದಲು ಅಥವಾ ಆಮೇಲೆ ಬರೆಯಿತು ಎಂದು ಕೇಳಿಕೊಳ್ಳಿ. ಚೀನಾದ ನಗರಗಳ ಬಗ್ಗೆ ಕಾಗದಕ್ಕೆ ಬರವಿಲ್ಲ. ಸರಕಾರಿ ಮಾಹಿತಿಯನ್ನು ಬಹಿರಂಗಪಡಿಸುವ ನಿಯಮಾವಳಿ 2008ರ ಮೇ 1ರಿಂದ ಜಾರಿಯಲ್ಲಿದೆ. ಮಾಸ್ಟರ್ ಪ್ಲಾನ್, ಬಜೆಟ್, ವರ್ಷವರ್ಷದ ಅಂಕಿಸಂಖ್ಯೆಯ ಸಂಪುಟಗಳು, ಪರಿಸರ ವರದಿಗಳು ಹೊರಬರುತ್ತಲೇ ಇರುತ್ತವೆ. ಒಂದೇ ಸಂಗತಿಯ ಬಗ್ಗೆ ಬೇರೆ ಬೇರೆ ಕಚೇರಿಗಳು ಬರೆದದ್ದನ್ನು ಎದುರುಬದುರು ಇಟ್ಟು ಓದುವುದರಲ್ಲೇ ಸಂಶೋಧನೆ ಇದೆ. ಇದಕ್ಕೆ ಹೆನಾನ್ ಪ್ರಾಂತದ ರಾಜಧಾನಿ ಝೆಂಗ್‌ಝೌಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಮೊದಲು ಸ್ವಲ್ಪ ಹಿನ್ನೆಲೆ. ಮಳೆನೀರನ್ನು ಚರಂಡಿ ಹಿಡಿಸಿ ಓಡಿಸುವುದಕ್ಕಿಂತ ಬಿದ್ದಲ್ಲೇ ಇಂಗಿಸಬೇಕು, ಕೆರೆ-ಜೌಗುಗಳಿಗೆ ಜಾಗ ಬಿಡಬೇಕು ಎಂದು ಪೀಕಿಂಗ್ ವಿಶ್ವವಿದ್ಯಾಲಯದ ಭೂದೃಶ್ಯ ವಿನ್ಯಾಸಕ ಯು ಕೊಂಗ್‌ಜಿಯಾನ್ ವರ್ಷಗಟ್ಟಲೆ ವಾದಿಸಿದರು. ಇದೇ ಸ್ಪಾಂಜ್ ಸಿಟಿಯ ಕಲ್ಪನೆ. (ಅವರು 2025ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರು ಕಟ್ಟಿದ ಉದ್ಯಾನಗಳನ್ನು ಒಮ್ಮೆಯಾದರೂ ಚಿತ್ರಗಳಲ್ಲಿ ನೋಡಿ.) 2012ರ ಜುಲೈ 21ರ ಮಳೆಗೆ ಬೀಜಿಂಗ್‌ನಲ್ಲಿ 79 ಜನ ಸತ್ತ ಮೇಲೆ ಸರಕಾರ ಕಿವಿಗೊಟ್ಟಿತು. 2015ರಲ್ಲಿ ಮೊದಲ ಕಂತಿನ 16 ನಗರಗಳನ್ನು ಪ್ರಯೋಗಕ್ಕೆ ಆರಿಸಿತು. ನಗರಗಳ ಕಟ್ಟಡ ಎದ್ದಿರುವ ನೆಲದಲ್ಲಿ ಶೇ. 80 ಭಾಗ 2030ರ ಹೊತ್ತಿಗೆ ಶೇ. 70ರಷ್ಟು ಮಳೆನೀರನ್ನು ಹಿಡಿದಿಟ್ಟುಕೊಳ್ಳಬೇಕು ಎಂಬ ಗುರಿಯೂ ಅದೇ ವರ್ಷ ಬಂತು.

ಈ ಶೇ. 70ರ ಬಳಿ ಸ್ವಲ್ಪ ನಿಲ್ಲಿ. ಪತ್ರಿಕೆಯಲ್ಲಿ ಓದಿದವರಿಗೆ, ಎಷ್ಟೇ ದೊಡ್ಡ ಮಳೆ ಬಂದರೂ ಮುಕ್ಕಾಲು ಪಾಲು ನೀರನ್ನು ಊರೇ ಕುಡಿದುಬಿಡುತ್ತದೆ ಅನಿಸುತ್ತದೆ. ಲೆಕ್ಕ ಹಾಗಿಲ್ಲ. ಅದು ವರ್ಷವಿಡೀ ಬೀಳುವ ಒಟ್ಟು ಮಳೆಯ ಲೆಕ್ಕ, ಅದರಲ್ಲಿ ಹೆಚ್ಚಿನದು ಸಣ್ಣಪುಟ್ಟ ಮಳೆಯೇ. ಬೀಜಿಂಗ್‌ನಲ್ಲಿ ಈ ಗುರಿ ಮುಟ್ಟಲು ಒಂದು ದಿನಕ್ಕೆ 20 ಮಿಲಿಮೀಟರ್ ಆಸುಪಾಸಿನ ಮಳೆಯನ್ನು ಹಿಡಿದರೆ ಸಾಕು. 2021ರ ಜುಲೈ 20ರ ಸಂಜೆ ನಾಲ್ಕರಿಂದ ಐದು ಗಂಟೆಯೊಳಗೆ ಝೆಂಗ್‌ಝೌನಲ್ಲಿ ಬಿದ್ದದ್ದು 201.9 ಮಿಲಿಮೀಟರ್! ಮೂರು ದಿನಗಳಲ್ಲಿ 617.1. ಆ ಊರಿನ ಇಡೀ ವರ್ಷದ ಸರಾಸರಿ 640.8. ಇಂಥ ಮಳೆಯನ್ನು ತಡೆಯಲಿಲ್ಲ ಎಂದು ಸ್ಪಾಂಜ್ ಸಿಟಿಯನ್ನು ಬೈಯುವುದೂ, ತಡೆಯುತ್ತದೆ ಎಂದು ಮೊದಲೇ ಹೊಗಳಿದ್ದೂ ಒಂದೇ ತಪ್ಪು. ಅಂಕಿ ಏನನ್ನು ಅಳೆಯುತ್ತದೆ ಎಂದು ಇಬ್ಬರೂ ನೋಡಿಲ್ಲ.

ಹಾಗಾದರೆ ಝೆಂಗ್‌ಝೌ ಆಡಳಿತ ನಿರಪರಾಧಿಯೆ? ಇಲ್ಲಿ ಎರಡನೆಯ ಕಾಗದ ಬೇಕು. ಚೀನಾದ ಕೇಂದ್ರ ಸರಕಾರವಾದ ಸ್ಟೇಟ್ ಕೌನ್ಸಿಲ್ ಆ ಮಳೆಯಿಂದಾದ ಪ್ರವಾಹದ ಬಗ್ಗೆ ತನಿಖಾ ತಂಡ ಕಳಿಸಿ, 2022ರ ಜನವರಿಯಲ್ಲಿ ವರದಿ ಪ್ರಕಟಿಸಿತು. ನಗರಾಡಳಿತ ಸ್ಪಾಂಜ್ ಸಿಟಿಗೆಂದು 5,348 ಕೋಟಿ ಯುವಾನ್‌ಗಳ ಯೋಜನೆ ಹಾಕಿಕೊಂಡಿತ್ತು. ಆ ಹೆಸರಿನಲ್ಲಿ ಖರ್ಚಾದ ಹಣದಲ್ಲಿ ನಿಜವಾಗಿ ಆ ಕೆಲಸಕ್ಕೆ ಸಂಬಂಧಿಸಿದ್ದು ಶೇ. 32 ಮಾತ್ರ, ಶೇ. 56ರ ಹತ್ತಿರ ಹೋದದ್ದು ಗಿಡ ನೆಡಲು, ಅಂದ ಹೆಚ್ಚಿಸಲು ಎನ್ನುತ್ತದೆ ವರದಿ. ಮುಖ್ಯ ನಗರದ 38 ನೀರು ಹರಿವಿನ ವಲಯಗಳಲ್ಲಿ ನಿಗದಿತ ಮಟ್ಟ ಮುಟ್ಟಿದ್ದದ್ದು ಒಂದೇ ಒಂದು. ಅದೂ ಇಂಥ ಮಳೆಯನ್ನು ತಾಳುವಂತಿರಲಿಲ್ಲ ಎಂದು ವರದಿಯೇ ಒಪ್ಪುತ್ತದೆ.

ಆ ಸಂಜೆ ಝೆಂಗ್‌ಝೌ ಮೆಟ್ರೋದ 5ನೇ ಮಾರ್ಗದಲ್ಲಿ ರೈಲಿನೊಳಗೆ ನೀರು ನುಗ್ಗಿ 14 ಜನ ಸತ್ತರು. ಅದರ ಜಾಡು ಹಿಡಿದು ಹೋದರೆ ವರದಿ ನಿಮ್ಮನ್ನು ಊಲೊಂಗ್‌ಕೌ ಎಂಬ ರೈಲು ನಿಲುಗಡೆ ಅಂಗಳಕ್ಕೆ ಕರೆದೊಯ್ಯುತ್ತದೆ. ನಿಯಮ ಮೀರಿ ಅಂಗಳದ ವಿನ್ಯಾಸ ಬದಲಿಸಿ ಅದನ್ನು ತಗ್ಗಿಗೆ ಇಳಿಸಿದ್ದರು. ನೀರು ತಡೆಯುವ ಗೋಡೆ ಕಳಪೆಯಾಗಿತ್ತು. ಪಕ್ಕದ ತೆರೆದ ಕಾಲುವೆ ಕಟ್ಟಿಕೊಂಡಿತ್ತು. ಹವಾಮಾನ ಇಲಾಖೆ ಸಾಲುಸಾಲಾಗಿ ಐದು ರೆಡ್ ಅಲರ್ಟ್ ಕೊಟ್ಟಿತ್ತು. ನಗರಾಡಳಿತ ಅತಿ ಉನ್ನತ ತುರ್ತುಸ್ಥಿತಿ ಸಾರಿದ್ದು ಸಂಜೆ ನಾಲ್ಕೂವರೆಗೆ, ಆ ಭೀಕರ ಗಂಟೆ ಅರ್ಧ ಕಳೆದ ಮೇಲೆ. ಈ ಪುಟಗಳನ್ನು ಓದುವಾಗ ನನಗೆ ಸಿಟ್ಟು ಬರುತ್ತದೆ. ಇದರಲ್ಲಿ ಯಾವುದೂ ಆಕಾಶದಿಂದ ಬಿದ್ದದ್ದಲ್ಲ.

ಸಾವಿನ ಲೆಕ್ಕವನ್ನೂ ಹೀಗೇ ನೋಡಿ. ಝೆಂಗ್‌ಝೌನಲ್ಲಿ ಸತ್ತವರು, ಕಾಣೆಯಾದವರು 380. ಅವರಲ್ಲಿ 139 ಜನರ ಲೆಕ್ಕವನ್ನು ಸ್ಥಳೀಯ ಆಡಳಿತ ಬೇರೆ ಬೇರೆ ಹಂತಗಳಲ್ಲಿ ಮುಚ್ಚಿಟ್ಟಿತ್ತು ಎಂದು ಕೇಂದ್ರದ ತನಿಖೆಯೇ ಹೇಳಿತು. ಅಂದರೆ ‘ಚೀನಾ ಸರಕಾರದ ಅಂಕಿ’ ಎಂಬ ಒಂದೇ ವಸ್ತು ಇಲ್ಲ. ಕೆಳಗಿನವರು ಮೇಲಕ್ಕೆ ಕಳಿಸುವ ಅಂಕಿ ಒಂದು, ಮೇಲಿನವರು ಇಳಿದುಬಂದು ಎಣಿಸುವ ಅಂಕಿ ಇನ್ನೊಂದು. ಆದರೆ ಮೇಲಿನವರ ವರದಿಯನ್ನೂ ಕಣ್ಣುಮುಚ್ಚಿ ಒಪ್ಪಬೇಡಿ. ಅದು ಹೊಣೆ ಹೊರಿಸುವುದು ಪ್ರಾಂತದ ಮಟ್ಟದವರೆಗೆ. 1994ರ ತೆರಿಗೆ ಸುಧಾರಣೆಯ ಬಳಿಕ ನಗರಗಳು ನೆಲದ ಹಕ್ಕನ್ನು ಗುತ್ತಿಗೆ ಕೊಟ್ಟೇ ಬೊಕ್ಕಸ ತುಂಬಿಸಿಕೊಳ್ಳುವಂತಾದದ್ದು, ಅದರಿಂದ ಊರು ತಗ್ಗು-ತೋಡುಗಳ ಮೇಲೆಲ್ಲ ಹಬ್ಬಿದ್ದು ಆ ವರದಿಯ ಹೊರಗಿನ ಪ್ರಶ್ನೆ. ಅದನ್ನು ನೀವು ಬಜೆಟ್ ಪುಸ್ತಕಗಳಲ್ಲಿ, ಉಪಗ್ರಹ ಚಿತ್ರಗಳಲ್ಲಿ ಹುಡುಕಬೇಕು. ಲ್ಯಾಂಡ್‌ಸ್ಯಾಟ್ ಚಿತ್ರಗಳು 1972ರಿಂದ ಇವೆ, ಈಗ ಉಚಿತ. ಜಪಾನಿನ ವಾಸ್ತುಶಿಲ್ಪಿ ಕಿಶೊ ಕುರೊಕಾವಾ ನಕ್ಷೆ ಹಾಕಿದ ಝೆಂಗ್‌ಡಾಂಗ್ ಹೊಸ ಪಟ್ಟಣ ಬಯಲಿನಿಂದ ಎದ್ದ ಪರಿಯನ್ನು ವರ್ಷಕ್ಕೊಂದರಂತೆ ಜೋಡಿಸಿ ನೋಡಬಹುದು. ಅದನ್ನು ‘ಭೂತನಗರ’ ಎಂದು ವಿದೇಶಿ ವಾಹಿನಿಗಳು ಸಾರಿದ್ದವು. ಆಮೇಲೆ ಅಲ್ಲಿ ಜನ ತುಂಬಿಕೊಂಡರು. ಹೊರಗಿನವರ ಷರಾ ಕೂಡ ಒಂದು ಕಾಗದವೇ, ಅದಕ್ಕೂ ತಾರೀಖು ಇರುತ್ತದೆ.

ಇನ್ನೊಂದು ಮಾತು. ಇದನ್ನು ಅನೇಕರು ತಪ್ಪಿಸಿಕೊಳ್ಳುತ್ತಾರೆ. ಆ 380 ಜನರಲ್ಲಿ 251 ಮಂದಿ ಸತ್ತದ್ದು, ಕಾಣೆಯಾದದ್ದು ಪಶ್ಚಿಮದ ಗುಡ್ಡಗಾಡಿನ ನಾಲ್ಕು ಸಣ್ಣ ಊರುಗಳ ವ್ಯಾಪ್ತಿಯಲ್ಲಿ: ಗೊಂಗ್‌ಯಿ, ಶಿಂಗ್‌ಯಾಂಗ್, ಶಿನ್‌ಮಿ, ಡೆಂಗ್‌ಫೆಂಗ್. ಝೆಂಗ್‌ಝೌ ‘ನಗರ’ವೆಂದರೆ ಆಡಳಿತದ ಲೆಕ್ಕದಲ್ಲಿ ಸುಮಾರು 7,500 ಚದರ ಕಿಲೋಮೀಟರ್; ಹೊಲ, ಹಳ್ಳಿ, ಗುಡ್ಡ ಎಲ್ಲವೂ ಸೇರಿ ನಮ್ಮ ಒಂದು ಜಿಲ್ಲೆಯಷ್ಟು. 2020ರ ಜನಗಣತಿಯಲ್ಲಿ ಅಲ್ಲಿದ್ದ 1.26 ಕೋಟಿ ಜನರೆಲ್ಲ ಪೇಟೆಯವರಲ್ಲ. ಜಗತ್ತು ಮೆಟ್ರೋ ರೈಲಿನ ವಿಡಿಯೊ ನೋಡಿತು. ಗುಡ್ಡದ ಬುಡದ ಹಳ್ಳಿಗಳನ್ನು ಕೊಚ್ಚಿಕೊಂಡು ಹೋದ ನೀರಿನ ಕಡೆ ಅಷ್ಟು ಕಣ್ಣು ಹೋಗಲಿಲ್ಲ. ನೀವು ‘ಝೆಂಗ್‌ಝೌ’ ಎಂದು ಬರೆಯುವಾಗಲೆಲ್ಲ ಯಾವ ಗಡಿಯೊಳಗಿನ ಝೆಂಗ್‌ಝೌ ಎಂದು ಸ್ಪಷ್ಟಪಡಿಸಿ.

ಜನರ ಮಾತಿಗೂ ಜಾಗವಿರಲಿ. ಸತ್ತವರ ನೆನಪಿಗೆ ಮೆಟ್ರೋ ನಿಲ್ದಾಣದ ಬಾಗಿಲಲ್ಲಿ ಜನ ಹೂ ಇಟ್ಟಾಗ ಸುತ್ತ ತಡೆಗೋಡೆ ಎದ್ದಿತು, ಜನ ಅದನ್ನು ಸರಿಸಿದರು. ಇದು ಯಾವ ಅಂಕಿ ಸಂಪುಟದಲ್ಲೂ ಇಲ್ಲ. ಮಾಲಿನ್ಯದ ವಿಷಯಕ್ಕೆ ಬಂದರೆ, ಚೀನಾದ ಪರಿಸರ ಕಾರ್ಯಕರ್ತ ಮಾ ಜುನ್ 2006ರಲ್ಲಿ ಕಟ್ಟಿದ ಸಂಸ್ಥೆ ಸರಕಾರದ್ದೇ ದಾಖಲೆಗಳನ್ನು ಒಟ್ಟುಗೂಡಿಸಿ ನಕ್ಷೆಯ ಮೇಲೆ ಇಟ್ಟಿದೆ. ಅದರಿಂದ ಶುರುಮಾಡಬಹುದು. ಚೀನೀ ಭಾಷೆ ಓದಲು ಯಂತ್ರಾನುವಾದ ಮೊದಲಿಗೆ ಸಾಕು, ಆದರೆ ಪ್ರಬಂಧಕ್ಕೆ ಬಳಸುವ ಒಂದೊಂದು ವಾಕ್ಯವನ್ನೂ ಬಲ್ಲವರಿಗೆ ತೋರಿಸಿ. ಅಲ್ಲಿಗೆ ಹೋಗಿ ಜನರನ್ನು ಮಾತಾಡಿಸಿದರೆ ಅವರ ಗುರುತು ಹತ್ತದಂತೆ ಬರೆಯಿರಿ. ಅವರು ಅಲ್ಲೇ ಬದುಕಬೇಕು.

ವಿಷಯ ಆರಿಸಿಕೊಳ್ಳುವುದಕ್ಕೂ ಒಂದು ಸಲಹೆ. ಅದೇ ಹೆನಾನ್ ಪ್ರಾಂತದ ಹೆಬಿ ನಗರ 2015ರ ಆ 16ರ ಪಟ್ಟಿಯಲ್ಲಿತ್ತು. ವರ್ಷಕ್ಕೆ 40 ಕೋಟಿ ಯುವಾನ್‌ನಂತೆ ಮೂರು ವರ್ಷ ಕೇಂದ್ರದ ನೆರವು ಅದಕ್ಕೆ ಗೊತ್ತಾಗಿತ್ತು. 2021ರ ಅದೇ ಜುಲೈನಲ್ಲಿ ವೆಯ್ ನದಿಯ ಏರಿ ಒಡೆದು ಹೆಬಿ ಆಡಳಿತಕ್ಕೆ ಸೇರಿದ ಶುನ್ ಕೌಂಟಿಯ ಹಳ್ಳಿಗಳು ಮುಳುಗಿದವು. ಪೇಟೆಯ ಬೀದಿಗಳಲ್ಲಿ ಆ ಹಣ ಏನು ಮಾಡಿತು, ನದಿಯ ಏರಿಗೆ ಯಾವ ಕಚೇರಿ ಹೊಣೆ, ಎರಡು ಕಚೇರಿಗಳ ನಡುವೆ ಆ ಹಳ್ಳಿಗಳು ಎಲ್ಲಿ ಜಾರಿಬಿದ್ದವು ಎಂಬುದನ್ನು ಝೆಂಗ್‌ಝೌ ಜತೆಗಿಟ್ಟು ನೋಡುವ ಅಧ್ಯಯನವನ್ನು ನೀವು ಕೈಗೆತ್ತಿಕೊಂಡರೆ, ಅದನ್ನು ಓದಲು ನಾನು ಕಾದಿರುತ್ತೇನೆ.