ಅರಿವಳಿಕೆ ವಿಭಾಗದತ್ತ ನೋಡುತ್ತಿರುವ ನರ್ಸ್‌ಗೆ

ದೆಹಲಿಯಲ್ಲಿ ನರ್ಸಿಂಗ್ ಓದುತ್ತಿರುವ ಕನ್ನಡದ ಮಗಳಿಗೆ,

ಭಾರತದಲ್ಲಿ ಅರಿವಳಿಕೆ ಕೊಡುವ ಹೊಣೆ ವೈದ್ಯರದು. ಎಂಬಿಬಿಎಸ್ ಮುಗಿಸಿ ಆ ವಿಷಯದಲ್ಲೇ ಮೂರು ವರ್ಷದ ಎಂ.ಡಿ.ಯಂಥ ಪದವಿ ಪಡೆದವರು ಅರಿವಳಿಕೆ ತಜ್ಞರಾಗುತ್ತಾರೆ. ಹಳ್ಳಿಗಾಡಿನ ಹೆರಿಗೆ ಆಸ್ಪತ್ರೆಗಳಲ್ಲಿ ತಜ್ಞರ ಕೊರತೆ ಕಾಡಿದಾಗಲೂ ಸರ್ಕಾರ 18 ವಾರಗಳ ತರಬೇತಿ ಕೊಟ್ಟಿದ್ದು ಎಂಬಿಬಿಎಸ್ ವೈದ್ಯರಿಗೇ, ನರ್ಸ್‌ಗಳಿಗಲ್ಲ. ಅಮೆರಿಕದಲ್ಲಿರುವ ‘ನರ್ಸ್ ಅನೆಸ್ತೆಟಿಸ್ಟ್’ ಹುದ್ದೆ ಇಲ್ಲಿ ಬೇರೂರಿಲ್ಲ. ಆ ಹೆಸರಿನ ಸರ್ಟಿಫಿಕೇಟ್ ಕೊಡುತ್ತೇವೆಂದು ಯಾರಾದರೂ ಕರೆದರೆ, ಅದಕ್ಕೆ ಯಾವ ಪರಿಷತ್ತಿನ ಮಾನ್ಯತೆ ಇದೆ ಎಂಬುದೇ ಮೊದಲ ಪ್ರಶ್ನೆಯಾಗಬೇಕು.

ಅರಿವಳಿಕೆಗೆ ಹತ್ತಿರದ ದಾರಿಗಳನ್ನು ನರ್ಸ್‌ಗೆ ಭಾರತೀಯ ನರ್ಸಿಂಗ್ ಪರಿಷತ್ತು ತೆರೆದಿದೆ. 1947ರ ಕಾಯ್ದೆಯಡಿ ಹುಟ್ಟಿದ ಈ ಪರಿಷತ್ತಿನ ಕಚೇರಿ ದೆಹಲಿಯ ಓಖ್ಲಾದಲ್ಲಿದೆ. ಇದರ ಜಾಗಕ್ಕೆ ರಾಷ್ಟ್ರೀಯ ಆಯೋಗವೊಂದನ್ನು ತರುವ ಕಾಯ್ದೆ 2023ರಲ್ಲಿ ಅಂಗೀಕಾರವಾಗಿದೆ. ಆಪರೇಷನ್ ಥಿಯೇಟರ್ ಕೆಲಸ ಇಷ್ಟವಾದವರಿಗೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಅದಕ್ಕಿಂತ ಮೇಲಿನದು ಎರಡು ವರ್ಷದ ‘ನರ್ಸ್ ಪ್ರಾಕ್ಟಿಷನರ್ ಇನ್ ಕ್ರಿಟಿಕಲ್ ಕೇರ್’ ಸ್ನಾತಕೋತ್ತರ ಕೋರ್ಸ್. ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಶೇ 55 ಅಂಕ, ನೋಂದಣಿ, ಕನಿಷ್ಠ ಒಂದು ವರ್ಷದ ಆಸ್ಪತ್ರೆ ಅನುಭವ ಇದಕ್ಕೆ ಬೇಕು. ಆ ಅನುಭವ ಐಸಿಯುನಲ್ಲಿ ಆಗಿದ್ದರೆ ಇನ್ನೂ ಒಳ್ಳೆಯದು. ಓದಿನ ಬಹುಪಾಲು ರೋಗಿಯ ಹಾಸಿಗೆಯ ಪಕ್ಕದಲ್ಲೇ ನಡೆಯುತ್ತದೆ. ವೆಂಟಿಲೇಟರ್, ಉಸಿರುನಾಳ, ರಕ್ತದೊತ್ತಡದ ಔಷಧಗಳು ಕೈಗೆ ಪಳಗುವುದು ಇಲ್ಲೇ. ಅರಿವಳಿಕೆಗೆ ಇದಕ್ಕಿಂತ ಹತ್ತಿರದ ನರ್ಸಿಂಗ್ ಓದು ಈ ದೇಶದಲ್ಲಿಲ್ಲ.

ಅರಿವಳಿಕೆ ತಂತ್ರಜ್ಞರ ದಾರಿ ಬೇರೆ. ದೆಹಲಿಯ ಏಮ್ಸ್‌ನಲ್ಲಿ ಆಪರೇಷನ್ ಥಿಯೇಟರ್ ಮತ್ತು ಅನಸ್ತೇಷಿಯಾ ತಂತ್ರಜ್ಞಾನದ ಬಿ.ಎಸ್ಸಿ. ಇದೆ; ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದಿದವರು ಪ್ರವೇಶ ಪರೀಕ್ಷೆ ಬರೆದು ಸೇರುತ್ತಾರೆ. ಮೊದಲ ಶಸ್ತ್ರಚಿಕಿತ್ಸೆಗೆ ಮುಂಚೆ ಆಮ್ಲಜನಕದ ಒತ್ತಡ ನೋಡುವುದು, ಉಸಿರಾಟದ ಸರ್ಕ್ಯೂಟ್‌ನ ಬಾಯಿ ಮುಚ್ಚಿ ಗಾಳಿ ತುಂಬಿ ಸೋರಿಕೆ ಪತ್ತೆಹಚ್ಚುವುದು, ಲ್ಯಾರಿಂಗೋಸ್ಕೋಪಿನ ದೀಪ ಹತ್ತುತ್ತದೆಯೇ, ಸಕ್ಷನ್ ಎಳೆಯುತ್ತದೆಯೇ ಎಂದು ಪರೀಕ್ಷಿಸುವುದು ಇವರ ಕೆಲಸ. ಇದರಲ್ಲಿ ಒಂದು ತಪ್ಪಿದರೂ ಅಪಾಯ ರೋಗಿಗೆ. 2021ರ ಕಾಯ್ದೆಯಿಂದ ಈ ವೃತ್ತಿಗೂ ರಾಷ್ಟ್ರೀಯ ಆಯೋಗದ ನಿಯಂತ್ರಣ ಬಂದಿದೆ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರು ಮತ್ತೆ ಈ ಪದವಿಗೆ ಸೇರುವುದು ವರ್ಷಗಳ ನಷ್ಟವೇ ಸರಿ.

ಅಮೆರಿಕದ ಕನಸಿದ್ದರೆ ಅಲ್ಲಿನ ಅಳತೆ ತಿಳಿದಿರಬೇಕು. ನರ್ಸ್ ಅನೆಸ್ತೆಟಿಸ್ಟ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವುದಕ್ಕೆಂದೇ ಅಲ್ಲಿ ಪ್ರತ್ಯೇಕ ಮಂಡಳಿ ಇದೆ. ಅಲ್ಲಿನ ನರ್ಸಿಂಗ್ ಪರವಾನಗಿ, ಕನಿಷ್ಠ ಒಂದು ವರ್ಷದ ತೀವ್ರ ನಿಗಾ ಅನುಭವ ಪ್ರವೇಶಕ್ಕೆ ಕಡ್ಡಾಯ. 2022ರಿಂದ ಹೊಸದಾಗಿ ಸೇರುವವರೆಲ್ಲ ಡಾಕ್ಟರೇಟ್ ಮಟ್ಟದ, ಕನಿಷ್ಠ 36 ತಿಂಗಳ ಕೋರ್ಸನ್ನೇ ಮಾಡಬೇಕು. ಕನಿಷ್ಠ 600 ಪ್ರಕರಣ, 2000 ಗಂಟೆಗಳ ಕ್ಲಿನಿಕಲ್ ಕೆಲಸ ಆಗಲೇಬೇಕು.

ರಾಜಧಾನಿ ಪ್ರದೇಶದಲ್ಲಿ ಇನ್ನೊಂದು ತೊಡಕಿದೆ. ದೆಹಲಿ, ಗುರುಗ್ರಾಮ, ನೋಯ್ಡಾ ಮೆಟ್ರೊದಲ್ಲಿ ಒಂದೇ ಊರಿನಂತಿದ್ದರೂ ನರ್ಸಿಂಗ್ ಪರಿಷತ್ತುಗಳು ಮೂರು: ದೆಹಲಿಯದು, ಹರಿಯಾಣದ್ದು, ಉತ್ತರ ಪ್ರದೇಶದ್ದು. ಕರ್ನಾಟಕದಲ್ಲಿ ನೋಂದಣಿಯಾದವರು ಕೆಲಸ ಮಾಡುವ ರಾಜ್ಯದ ಪರಿಷತ್ತಿನಲ್ಲೂ ಹೆಸರು ದಾಖಲಿಸಬೇಕು. ಕೋರ್ಸ್ ಆರಿಸುವಾಗಲೂ ಎಚ್ಚರ ಬೇಕು: ವಿಶ್ವವಿದ್ಯಾಲಯದ ಸಂಯೋಜನೆ ಬೇರೆ, ಪರಿಷತ್ತಿನ ಮಾನ್ಯತೆ ಬೇರೆ. ಕೋರ್ಸಿನ ಹೆಸರು, ವರ್ಷ, ಸೀಟುಗಳ ಸಂಖ್ಯೆ ಮೂರೂ ಮಾನ್ಯತಾ ಪತ್ರದಲ್ಲಿರುವುದನ್ನು ಕಣ್ಣಾರೆ ನೋಡಿದ ಮೇಲಷ್ಟೇ ಶುಲ್ಕ ಕಟ್ಟಮ್ಮ.