ಅಜ್ಜನ ಪಹಣಿಯೂ ಎಐ ಕಾನೂನೂ

ಕಳೆದ ರಜೆಯಲ್ಲಿ ಗುಬ್ಬಿ ಕಡೆಯಿಂದ ಅಜ್ಜ ಸತ್ಯಮಂಗಲದ ನಮ್ಮ ಮನೆಗೆ ಬಂದಿದ್ರು. ಯಾರಿಗೆ ಸಾಲ ಕೊಡಬಹುದು ಅಂತ ಈಗ ಎಐ ಹೇಳುತ್ತೆ ಅಂತ ನಾನು ಜೋರಾಗಿ ವಿವರಿಸ್ತಾ ಇದ್ದೆ. ಅಜ್ಜ ಕೇಳಿದ್ದು ಒಂದೇ ಪ್ರಶ್ನೆ: "ಅದು ತಪ್ಪು ಮಾಡಿದ್ರೆ ಯಾರನ್ನ ಕೇಳೋದು?" ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲೆ ಓದುವಾಗ ನಮ್ಮ ರಾಜ್ಯದ 'ಭೂಮಿ' ಯೋಜನೆಯಲ್ಲಿ ಅರ್ಧ ಉತ್ತರ ಸಿಕ್ಕಿತು.

ಮೊದಲು ಪಹಣಿ ಕೈಬರಹದಲ್ಲಿತ್ತು. ಸುಮಾರು 9,000 ಗ್ರಾಮಲೆಕ್ಕಿಗರ ಬಳಿ ಪುಸ್ತಕಗಳಿದ್ದವು. ಅದರಲ್ಲಿ ಏನು ಬದಲಾಯ್ತು ಅಂತ ರೈತನಿಗೆ ಸುಲಭವಾಗಿ ತಿಳಿಯುತ್ತಿರಲಿಲ್ಲ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಬಂದವು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು.

ಆದರೆ ಕಂಪ್ಯೂಟರ್ ತಂದಿದ್ದಷ್ಟೇ ಅಲ್ಲ, ಜೊತೆಗೆ ನಿಯಮಗಳೂ ಬಂದವು:

1. ಕೈಬರಹದ ಪಹಣಿ ಕೊಡುವುದು ನಿಂತಿತು. ಇಲ್ಲದಿದ್ದರೆ ಒಂದೇ ಜಮೀನಿಗೆ ಎರಡು ಸತ್ಯ ಇರ್ತಿತ್ತು.
2. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕು. ಯಾರು ಏನು ಮಾಡಿದರು ಅನ್ನೋದು ದಾಖಲಾಗುತ್ತೆ.
3. ಖಾತೆ ಬದಲಾವಣೆಯ ಅರ್ಜಿಗಳಿಗೆ ಸರದಿ. ಮೊದಲು ಬಂದದ್ದು ಮೊದಲು. ನಮ್ಮ ಡೇಟಾ ಸ್ಟ್ರಕ್ಚರ್ಸ್ ಪಾಠದ ಕ್ಯೂ ಇದೇ!
4. ಬದಲಾವಣೆಗೆ ಮುಂಚೆ ಸಂಬಂಧಪಟ್ಟವರಿಗೆ ನೋಟಿಸ್, ತಕರಾರು ಹೇಳಲು ಆಗ 30 ದಿನ ಇತ್ತು.

ಒಂದು ಮಿತಿಯೂ ಇದೆ. ಹಳೇ ಪುಸ್ತಕದಲ್ಲಿ ತಪ್ಪಿದ್ದರೆ ಅದೇ ತಪ್ಪು ಕಂಪ್ಯೂಟರಿಗೂ ಹೋಗುತ್ತೆ. ಪ್ರಿಂಟ್ ಆಗಿ ಬಂದಾಗ ಇನ್ನೂ ಹೆಚ್ಚು ನಂಬಿಕೆ ಹುಟ್ಟಿಸುತ್ತೆ. ಎಐ ಮಾಡೆಲ್‌ಗೆ ಕೊಡುವ ಟ್ರೈನಿಂಗ್ ಡೇಟಾದ ಕಥೆಯೂ ಅಷ್ಟೇ.

ವ್ಯತ್ಯಾಸ ಏನು? 'ಭೂಮಿ'ಯ ಸರದಿ ನಿಯಮವನ್ನ ಯಾರು ಬೇಕಾದ್ರೂ ಓದಿ ಅರ್ಥ ಮಾಡ್ಕೋಬಹುದು. ಎಐ ಯಾಕೆ 'ಇಲ್ಲ' ಅಂತು ಅನ್ನೋದಕ್ಕೆ ಕೋಡಿನ ಒಂದು ಸಾಲನ್ನ ಬೆರಳಿಟ್ಟು ತೋರಿಸೋಕೆ ಆಗಲ್ಲ. ಹಾಗಾಗಿ ಎರಡನೇ ಮತ್ತು ನಾಲ್ಕನೇ ನಿಯಮಗಳು ಇಲ್ಲಿ ಇನ್ನೂ ಮುಖ್ಯ. 2024ರ ಯುರೋಪಿನ ಎಐ ಕಾಯ್ದೆ ಜನರ ಸಾಲದ ಅರ್ಹತೆ ಅಳೆಯುವ ಎಐಯನ್ನು ಹೆಚ್ಚು ಅಪಾಯದ ಗುಂಪಿಗೆ ಸೇರಿಸಿದೆ. ಅಂಥ ವ್ಯವಸ್ಥೆ ಲಾಗ್ ಇಡಬೇಕು, ಮನುಷ್ಯರ ಮೇಲ್ವಿಚಾರಣೆಯಲ್ಲಿ ಇರಬೇಕು ಅನ್ನುತ್ತೆ. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಇಂಥದ್ದೇ ಯೋಚನೆ ಇಪ್ಪತ್ತು ವರ್ಷ ಮೊದಲೇ ಬಂದಿತ್ತು!

ಮುಂದಿನ ಹ್ಯಾಕಥಾನ್‌ನಲ್ಲಿ ಎಐ ಪ್ರಾಜೆಕ್ಟ್ ಮಾಡುವವರು ಆಕ್ಯುರೆಸಿ ಜೊತೆಗೆ ಇನ್ನೊಂದು ಸ್ಲೈಡ್ ಇಡಿ: ತಪ್ಪಾದ್ರೆ ಯಾರನ್ನ ಕೇಳಬೇಕು, ಎಷ್ಟು ದಿನದಲ್ಲಿ ಸರಿಹೋಗುತ್ತೆ? ಅಜ್ಜನಿಗೆ ನಾನು ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಅದನ್ನ ಕಟ್ಟಬೇಕಾದವರು ನಾವೇ.